ಕಡಲಾಚೆಯ ಸೇವೆಗೆ ಹೊರಡುವ ಮುನ್ನ
(ಸಂತ ಜೋಸೆಫ್ ವಾಜರ ಹಬ್ಬದ ಚಿಂತನೆ)



ಜನವರಿ 16ರಂದು ನಾವು ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತೇವೆ. 1711ರ ಅದೇ ದಿನ ಅವರು ಶ್ರೀಲಂಕಾದ ಕ್ಯಾಂಡಿಯಲ್ಲಿ ಪ್ರಭುವಿನ ಪಾದ ಸೇರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊ ನಗರದ ಕಡಲತೀರದಲ್ಲಿ ಬಲಿಪೂಜೆ ಅರ್ಪಿಸಿ ಅವರನ್ನು ಸಂತರೆಂದು ಘೋಷಿಸಿದರು. ಲಂಕೆಯ ಜನರಿಗೆ ಅವರು ಲಂಕೆಯ ಪ್ರೇಷಿತರು. ನಮ್ಮ ಕರಾವಳಿಯವರಿಗೆ ಅವರು ನಮ್ಮವರೂ ಹೌದು. ಮಂಗಳೂರಿನ ಬಳಿಯ ಮುಡಿಪಿಗೆ ಹೋಗಿ ಹರಕೆ ಸಲ್ಲಿಸಿ ಬಂದ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ.

ಈ ಹಬ್ಬದಂದು ನಾವು ಒಂದು ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ. ನಮ್ಮ ಮನೆಯ ಮಗನೋ ಮಗಳೋ ಕೊಲ್ಲಿ ದೇಶದಲ್ಲಿ ಕೆಲಸ ಸಿಕ್ಕಿತೆಂದರೆ ಸಾಲ ಮಾಡಿಯಾದರೂ ಕಳುಹಿಸುತ್ತೇವೆ. ಆದರೆ ಅದೇ ಮಗಳು, "ಅಮ್ಮಾ, ಎರಡು ವರ್ಷ ಆಫ್ರಿಕಾದ ಮಿಶನ್ ಆಸ್ಪತ್ರೆಯಲ್ಲಿ ಸೇವೆ ಮಾಡಿ ಬರುತ್ತೇನೆ, ಸಂಬಳವಿಲ್ಲ, ಊಟ ವಸತಿ ಕೊಡುತ್ತಾರೆ" ಎಂದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಮದುವೆಯ ಮಾತು, ವಯಸ್ಸಿನ ಮಾತು, ಊರವರು ಏನನ್ನುತ್ತಾರೋ ಎಂಬ ಮಾತು ಒಂದೊಂದಾಗಿ ಬರುತ್ತವೆ. ತಂದೆತಾಯಿಯ ಈ ಭಯ ತಪ್ಪಲ್ಲ. ಆದರೆ ಇಂಥ ಕರೆ ಬಂದಾಗ ಹೊರಡುವವರೂ ಕಳುಹಿಸುವವರೂ ಹೇಗೆ ಸಿದ್ಧರಾಗಬೇಕು ಎಂಬುದನ್ನು ಸಂತ ಜೋಸೆಫ್ ವಾಜರ ಜೀವನದಿಂದ ಕಲಿಯಬಹುದು.

ಗೋವೆಯಲ್ಲಿ 1651ರಲ್ಲಿ ಜನಿಸಿ 1676ರಲ್ಲಿ ಗುರುದೀಕ್ಷೆ ಪಡೆದ ಈ ಕೊಂಕಣಿ ಮನೆಮಾತಿನ ಸ್ವಾಮಿಗಳಿಗೆ ಲಂಕೆಯ ಚಿಂತೆ ಹತ್ತಿತ್ತು. ಡಚ್ಚರು 1658ರಲ್ಲಿ ಪೋರ್ಚುಗೀಸರನ್ನು ಅಲ್ಲಿಂದ ಹೊರಹಾಕಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅಲ್ಲಿನ ವಿಶ್ವಾಸಿಗಳು ಗುರುಗಳಿಲ್ಲದೆ, ಪರಮಪ್ರಸಾದವಿಲ್ಲದೆ ಗುಟ್ಟಾಗಿ ವಿಶ್ವಾಸವನ್ನು ಉಳಿಸಿಕೊಂಡಿದ್ದರು. ವಾಜರು ತಾವು ಅಲ್ಲಿಗೆ ಹೋಗುವುದಾಗಿ ಮುಂದೆ ಬಂದರು. ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ಕೆನರಾಕ್ಕೆ ಕಳುಹಿಸಿದರು. ಕೇಳಿದ್ದು ಲಂಕೆ, ಸಿಕ್ಕಿದ್ದು ನಮ್ಮ ಕೆನರಾ!

ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ. ಕರಾವಳಿಯ ಕ್ರೈಸ್ತರು ಚದುರಿದ್ದರು. ಸಾಲದ್ದಕ್ಕೆ, ಧರ್ಮಸಭೆಯ ಎರಡು ಅಧಿಕಾರಗಳ ತಕರಾರಿನಲ್ಲಿ ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಗೊಂದಲದಲ್ಲಿದ್ದರು. ಸುಮಾರು ಮೂರು ವರ್ಷ ವಾಜರು ಇಲ್ಲಿ ಊರಿಂದೂರಿಗೆ ನಡೆದರು, ಜಗಳದ ನಡುವೆ ಸಮಾಧಾನದಿಂದ ನಿಂತರು, ಚದುರಿದವರನ್ನು ಕೂಡಿಸಿದರು. 1684ರಲ್ಲಿ ಗೋವೆಗೆ ಮರಳಿ ಒರಟೋರಿಯನ್ ಗುರುಗಳ ಕೂಟವನ್ನು ಸೇರಿ ಅದರ ಮುಖ್ಯಸ್ಥರಾದರು. 1686ರಲ್ಲಿ ಆ ಸ್ಥಾನವನ್ನು ಬಿಟ್ಟು ಕೊನೆಗೂ ಲಂಕೆಯ ದಾರಿ ಹಿಡಿದರು. ಮುಂದೆ ಆ ದ್ವೀಪದಲ್ಲಿ ಬೇಕಾದದ್ದನ್ನೆಲ್ಲ ಅವರು ಕಲಿತದ್ದು ಕೆನರಾದಲ್ಲಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಆದ್ದರಿಂದ ಹೊರದೇಶದ ಸೇವೆಗೆ ಹೊರಡಬೇಕೆನ್ನುವ ಯುವಕ ಯುವತಿಯರಿಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಪಾಸ್‌ಪೋರ್ಟಿನದಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ನೀವು ಏನು ಮಾಡುತ್ತಿದ್ದೀರಿ? ಧರ್ಮೋಪದೇಶದ ತರಗತಿಗೆ ಪ್ರತಿ ಭಾನುವಾರ ತಪ್ಪದೆ ಹೋಗಿ ಗದ್ದಲದ ಮಕ್ಕಳನ್ನು ಸಂಭಾಳಿಸಿದ್ದೀರಾ? ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆ ಬದಲಿಸಿದ್ದೀರಾ? ಸಂತ ವಿನ್ಸೆಂಟ್ ಪಾವ್ಲ್ ಸಭೆಯವರ ಜೊತೆ ಒಬ್ಬ ಬಡವರ ಮನೆಗಾದರೂ ಹೋಗಿ ಕುಳಿತು ಬಂದಿದ್ದೀರಾ? ಮನೆಯಲ್ಲಿ ಜಗಳ, ಪ್ರೀತಿಯಲ್ಲಿ ನಿರಾಶೆ, ಪರೀಕ್ಷೆಯಲ್ಲಿ ಸೋಲು, ಇವುಗಳಿಂದ ತಪ್ಪಿಸಿಕೊಳ್ಳಲು ಹೊರಡುವವರೂ ಇದ್ದಾರೆ. ಅಂಥವರ ನೋವು ಪೆಟ್ಟಿಗೆಯ ಜೊತೆ ವಿಮಾನ ಹತ್ತುತ್ತದೆ. ಅವರು ಮೊದಲು ತಮ್ಮ ಗುರುಗಳ ಬಳಿ ಕುಳಿತು ಮನಸ್ಸು ಬಿಚ್ಚಿ ಮಾತನಾಡಲಿ. ಸೇವೆಯ ಹೆಸರಿನಲ್ಲಿ ವೀಸಾ ಪಡೆದು ಅಲ್ಲೇ ಕೆಲಸ ಹಿಡಿಯುವ ಆಲೋಚನೆ ಇದ್ದರೆ ಅದನ್ನು ಇಲ್ಲೇ ಬಿಟ್ಟುಬಿಡಲಿ.

ಇನ್ನು ವಾಜರು ಹೊರಟ ರೀತಿಯನ್ನು ನೋಡೋಣ. ಗುರುಗಳ ವೇಷದಲ್ಲಿ ಹೋದರೆ ಡಚ್ಚರ ಕೈಗೆ ಸಿಗುತ್ತಿದ್ದರು. ಕೂಲಿಯವನ ಬಟ್ಟೆಯಲ್ಲಿ ತೂತ್ತುಕುಡಿಯಿಂದ ಹಡಗು ಹತ್ತಿ 1687ರಲ್ಲಿ ಲಂಕೆ ಮುಟ್ಟಿದರು. ಜೊತೆಗಿದ್ದವನು ಜಾನ್ ಎಂಬ ಸೇವಕ. ಗುರುವಲ್ಲ, ಶ್ರೀಸಾಮಾನ್ಯ. ಹಬ್ಬದ ಪ್ರಬೋಧನೆಗಳಲ್ಲಿ ಅವನ ಹೆಸರು ಕೇಳಿಬರುವುದೇ ಅಪರೂಪ. ನಮ್ಮ ಸ್ವಯಂಸೇವಕರಿಗೆ ಒಬ್ಬ ಪಾಲಕ ಬೇಕೆಂದರೆ ಅವನನ್ನೇ ನೆನೆಯಬಹುದು ಎಂದು ನಮಗೆ ಅನ್ನಿಸುತ್ತದೆ.

ಪ್ರಯಾಣದ ಕಷ್ಟದಿಂದ ವಾಜರು ಆಮಶಂಕೆಗೆ ತುತ್ತಾಗಿ ಜಾಫ್ನಾದಲ್ಲಿ ಮಲಗಿಬಿಟ್ಟರು. ಆಗ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಅವರನ್ನು ಬದುಕಿಸಿದಳೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಗಮನಿಸಿ ಪ್ರಿಯರೇ! ಲಂಕೆಗೆ ಕೊಡಲು ಹೋದವರು ಅಲ್ಲಿ ಮೊದಲು ಮಾಡಿದ್ದು ಪಡೆದುಕೊಳ್ಳುವ ಕೆಲಸ. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಜಪಸರದ ಮೇಲೆ ನಿಲ್ಲುತ್ತದೋ ಅವರು ಕಥೋಲಿಕರೆಂದು ಗುರುತು ಹಿಡಿದರು. ಪ್ರಭು ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಬುತ್ತಿ, ಚೀಲ, ಹಣ ಯಾವುದೂ ಇಲ್ಲದೆ ಕಳುಹಿಸಿದ್ದನ್ನು ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಓದುತ್ತೇವೆ. ಬರಿಗೈಯಲ್ಲಿ ಹೋದವನು ಆ ಊರಿನವರ ಮನೆಬಾಗಿಲು ತಟ್ಟಲೇಬೇಕು, ಅವರು ಬಡಿಸಿದ್ದನ್ನು ಉಣ್ಣಲೇಬೇಕು.

ಭಾಷೆಯ ವಿಷಯವೂ ಹೀಗೆಯೇ. ವಾಜರು ತಮಿಳು ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರೆ, ಆ ಸೆರೆಯಲ್ಲಿ ಕುಳಿತು ಸಿಂಹಳ ಕಲಿತರು! ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧರ್ಮಪ್ರಚಾರದ ಬಗ್ಗೆ ಹೊರಡಿಸಿದ ಆದೇಶಪತ್ರ ಕೂಡ ಹೊರಡುವವರು ಆ ಜನರ ಇತಿಹಾಸ, ರೀತಿನೀತಿ, ಭಾಷೆ ಕಲಿಯಬೇಕೆಂದು ಒತ್ತಿ ಹೇಳುತ್ತದೆ. ಇಂಗ್ಲಿಷ್ ಇದ್ದರೆ ಸಾಕು ಎನ್ನುವವರಿಗೆ ನಾವು ಹೇಳುವುದಿಷ್ಟೇ: ನೋವಿನಲ್ಲಿರುವ ತಾಯಿ ಇಂಗ್ಲಿಷಿನಲ್ಲಿ ನರಳುವುದಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಒಂದು ಉದಾಹರಣೆ ಇಟಲಿಯ ಅನ್ನಲೇನಾ ಟೊನೆಲ್ಲಿ. ಕನ್ಯಾಸ್ತ್ರೀ ಅಲ್ಲ, ಕಾನೂನು ಓದಿದ ಶ್ರೀಸಾಮಾನ್ಯೆ. 1969ರಲ್ಲಿ ಮನೆ ಬಿಟ್ಟು ಕೆನ್ಯಾಕ್ಕೆ ಹೋದರು. ಅಲ್ಲಿನ ವಾಜಿರ್ ಪ್ರದೇಶದ ಸೊಮಾಲಿ ಜನ ಒಂಟೆ ಮೇಯಿಸುತ್ತಾ ಅಲೆಯುವವರು. ಕ್ಷಯರೋಗಕ್ಕೆ ತಿಂಗಳುಗಟ್ಟಲೆ ಔಷಧಿ ಬೇಕು, ಆದರೆ ಅವರು ಆಸ್ಪತ್ರೆಯ ಗೋಡೆಗಳ ಒಳಗೆ ನಿಲ್ಲುವವರಲ್ಲ. ರೋಗಿಗಳನ್ನು ಬೈಯುವ ಬದಲು ಅನ್ನಲೇನಾ ಅವರ ಬದುಕನ್ನು ಗಮನಿಸಿದರು. 1976ರಲ್ಲಿ ಆಸ್ಪತ್ರೆಯ ಬಳಿಯೇ ಅವರು ತಮ್ಮ ರೂಢಿಯ ಗುಡಿಸಲು ಕಟ್ಟಿಕೊಂಡು ಚಿಕಿತ್ಸೆ ಮುಗಿಯುವವರೆಗೆ ಇರುವ ವ್ಯವಸ್ಥೆ ಮಾಡಿದರು. ದಿನವೂ ಕಣ್ಣೆದುರಿಗೇ ಔಷಧಿ ನುಂಗಿಸುವ ಆ ಪದ್ಧತಿ ಮುಂದೆ ಬೇರೆ ಕಡೆಗೂ ಮಾದರಿಯಾಯಿತು. ಅವರ ಹುಟ್ಟೂರು ಫೋರ್ಲಿಯ ಗೆಳೆಯರು ಸಮಿತಿ ಕಟ್ಟಿಕೊಂಡು ಊರಿನಿಂದಲೇ ಅವರ ಕೆಲಸಕ್ಕೆ ನೆರವಾದರು.

2003ರಲ್ಲಿ ಅವರಿಗೆ ವಿಶ್ವಸಂಸ್ಥೆಯ ನಾನ್ಸೆನ್ ನಿರಾಶ್ರಿತರ ಪ್ರಶಸ್ತಿ ಬಂತು. ಅದೇ ವರ್ಷ ಅಕ್ಟೋಬರ್ 5ರಂದು ಸೊಮಾಲಿಲ್ಯಾಂಡಿನ ಬೊರಾಮದಲ್ಲಿ, ತಾವು ಕಟ್ಟಿದ ಆಸ್ಪತ್ರೆಯಲ್ಲೇ ಗುಂಡೇಟಿಗೆ ಬಲಿಯಾದರು. ಇದನ್ನು ಮುಚ್ಚಿಟ್ಟು ನಮ್ಮ ಮಕ್ಕಳನ್ನು ಹುರಿದುಂಬಿಸುವುದು ಪ್ರಾಮಾಣಿಕತೆಯಲ್ಲ. ಎಲ್ಲರೂ ಅಂಥ ಜಾಗಕ್ಕೆ ಹೋಗಬೇಕಾಗಿಲ್ಲ. ಆದರೆ ಅಪಾಯವೇನು, ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ, ಗಲಭೆಯಾದರೆ ಯಾರು ವಾಪಸು ಕರೆತರುತ್ತಾರೆ ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ. ಇದಕ್ಕೆ ನೇರ ಉತ್ತರ ಕೊಡದ ಸಂಸ್ಥೆಯ ಮೂಲಕ ಹೊರಡಬಾರದು. ಸೇವೆಗೆ ಸೇರಿಸುತ್ತೇವೆಂದು ಲಕ್ಷಗಟ್ಟಲೆ ಹಣ ಕೇಳುವವರ ಬಳಿ ಸುಳಿಯಲೇಬಾರದು.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಳುಹಿಸುವ ಸಂಸ್ಥೆಯೇ ತಿಳಿಸುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಶಾಲೆಯಲ್ಲಿ ಪಾಠ ಮಾಡುವುದು ಬಹಳಷ್ಟು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳ ನಡುವೆ ಕೆಲಸವೆಂದರೆ ಪೊಲೀಸ್ ದೃಢೀಕರಣ ಪತ್ರ ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಡಿ, ಅದು ಮಕ್ಕಳ ರಕ್ಷಣೆಗಾಗಿ. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರ 2016ರಿಂದ ಜೀವನಪೂರ್ತಿ ಸಲ್ಲುತ್ತದೆ. ಹಿಂದಿರುಗುವಾಗ ಅದು ಕೈಯಲ್ಲಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇನ್ನು ಉಪ್ಪಿನಕಾಯಿ. ಅಮ್ಮಂದಿರು ನಾಲ್ಕು ಬಾಟಲಿ ತುಂಬುತ್ತಾರೆ. ಒಂದು ಸಾಕು, ಅದನ್ನೂ ಚೆನ್ನಾಗಿ ಕಟ್ಟಿಕೊಡಿ.

ಮನಸ್ಸಿನ ಲೆಕ್ಕ ಇದಕ್ಕಿಂತ ಮುಖ್ಯ. ಮಾತು ಬಿಟ್ಟ ಅಣ್ಣನ ಜೊತೆ ರಾಜಿಯಾಗದೆ, ಕೈಸಾಲ ತೀರಿಸದೆ, ವಯಸ್ಸಾದ ತಂದೆತಾಯಿಯ ಆರೈಕೆ ಯಾರದೆಂದು ಕುಳಿತು ತೀರ್ಮಾನಿಸದೆ ಹೊರಡಬಾರದು. ಒಬ್ಬಳೇ ತಾಯಿಗೆ ಒಬ್ಬನೇ ಆಸರೆಯಾದವನಿಗೆ ಸದ್ಯಕ್ಕೆ ದೇವರ ಕರೆ ಆ ಮನೆಯಲ್ಲೇ ಇರಬಹುದು. ವಾಜರಿಗೂ ಮೊದಲು ಕೆನರಾ ಬಂತಲ್ಲವೇ? ಹೊರಡುವ ವಾರ ಒಳ್ಳೆಯ ಪಾಪನಿವೇದನೆ ಮಾಡಿಕೊಳ್ಳಲಿ.

ಅಂತಿಯೋಕ್ಯದ ಸಭೆಯು ಉಪವಾಸವಿದ್ದು, ಪ್ರಾರ್ಥಿಸಿ, ಬಾರ್ನಬ ಮತ್ತು ಪೌಲರ ಮೇಲೆ ಕೈಗಳನ್ನಿಟ್ಟು ಕಳುಹಿಸಿಕೊಟ್ಟ ಸಂಗತಿ ಪ್ರೇಷಿತರ ಕಾರ್ಯಕಲಾಪಗಳ 13ನೇ ಅಧ್ಯಾಯದಲ್ಲಿದೆ. ಅವರಾಗಿಯೇ ಹೊರಟದ್ದಲ್ಲ, ಸಭೆ ಕಳುಹಿಸಿದ್ದು. ನಮ್ಮ ಧರ್ಮಕೇಂದ್ರದಿಂದ ಯಾರಾದರೂ ಹೊರಟರೆ ಭಾನುವಾರದ ಬಲಿಪೂಜೆಯಲ್ಲಿ ಪೀಠದ ಮುಂದೆ ಕರೆದು ಶಿಲುಬೆ ಕೊಟ್ಟು ಆಶೀರ್ವದಿಸಿ ಕಳುಹಿಸೋಣ. ಆ ತಂದೆತಾಯಿಯನ್ನೂ ಪಕ್ಕದಲ್ಲಿ ನಿಲ್ಲಿಸೋಣ. ಆಮೇಲೆ ಪ್ರತಿ ವಾರ ವಿಶ್ವಾಸಿಗಳ ಬಿನ್ನಹಗಳಲ್ಲಿ ಆ ಹೆಸರು ಇರಲಿ. ವಾರ್ಡಿನವರು ಆ ಮನೆಗೆ ಹೋಗಿ ಬರುತ್ತಿರಲಿ, ಮುಖ್ಯವಾಗಿ ಕ್ರಿಸ್‌ಮಸ್ ರಾತ್ರಿ.

ಎರಡು ವರ್ಷ ಕಳೆದು ಅವರು ಮರಳಿ ಬರುತ್ತಾರೆ. ವಾಜರು 24 ವರ್ಷ ಅಲ್ಲೇ ದುಡಿದು ಅಲ್ಲೇ ಮಣ್ಣಾದರು, ಅವರಿಗೆ ಈ ಕಷ್ಟ ಬರಲಿಲ್ಲ. ಬಂದವರಿಗೆ ಊರು ಬೇರೆಯಾಗಿ ಕಾಣುತ್ತದೆ, ಮದುವೆ ಮನೆಯ ಊಟ ಎಲೆಯಲ್ಲಿ ಉಳಿದಾಗ ಗಂಟಲು ಕಟ್ಟುತ್ತದೆ. "ಎಷ್ಟು ಉಳಿಸಿಕೊಂಡು ಬಂದೆ?" ಎಂದು ನೆಂಟರು ಕೇಳುತ್ತಾರೆ. ಆಗ ಧರ್ಮಕೇಂದ್ರದವರು ಅವರನ್ನು ಒಂದು ಭಾನುವಾರ ಪೂಜೆಯ ನಂತರ ಕೂರಿಸಿ, ಚಹಾ ಕೊಟ್ಟು, ಅಲ್ಲಿ ಯಾರು ಅವರಿಗೆ ಗಂಜಿ ಕೊಟ್ಟರೆಂದು ಕೇಳಲಿ.