ಮಾಡಿ ತೋರಿಸಿದ ತಿದ್ದುಪಡಿ

ಪ್ರೋಗ್ರಾಮಿನ ಬಾಹ್ಯ ವರ್ತನೆ ಲೇಶವೂ ಬದಲಾಗದಂತೆ ಅದರ ಒಳರಚನೆಯನ್ನು ತಿದ್ದುವ ರಿಫ್ಯಾಕ್ಟರಿಂಗ್ ಎಂಬ ಕಾರ್ಯಕ್ಕೆ ಶಾಸ್ತ್ರದ ತಳಹದಿಯನ್ನು ಹಾಕಿದ್ದು ಇಲಿನಾಯ್ ವಿಶ್ವವಿದ್ಯಾನಿಲಯದ ವಿಲಿಯಂ ಒಪ್ಡೈಕ್ ಅವರ 1992ರ ಮಹಾಪ್ರಬಂಧ. ಅದನ್ನು ಲೋಕಪ್ರಸಿದ್ಧಗೊಳಿಸಿದ್ದು ಮಾರ್ಟಿನ್ ಫೌಲರ್ ಅವರ 1999ರ ಗ್ರಂಥ. ಅನಂತರ, ತಂತ್ರಾಂಶವನ್ನು ಬರೆಯುವ ಮೊದಲೇ ಅದರ ಮಾದರಿಯನ್ನು ಯುಎಂಎಲ್‌ನಂಥ ಚಿತ್ರಭಾಷೆಯಲ್ಲಿ ನಿರೂಪಿಸುವ ಪದ್ಧತಿ ಬೆಳೆದಂತೆ, ಆ ಮಾದರಿಗಳನ್ನೂ ಹೀಗೆಯೇ ತಿದ್ದುವ ಅಗತ್ಯ ಕಂಡುಬಂದಿತು. ತೊಡಕೂ ಅಲ್ಲಿಯೇ ತಲೆದೋರಿತು. ಹೊಸ ತಿದ್ದುಪಡಿಯೊಂದನ್ನು ಯಂತ್ರಕ್ಕೆ ಕಲಿಸಹೊರಟವನು ಚಿತ್ರಭಾಷೆಯ ವ್ಯಾಕರಣವಾದ ಮೆಟಾಮಾಡೆಲನ್ನೂ, ಪರಿವರ್ತನೆಗೆಂದೇ ರಚಿತವಾದ ಮತ್ತೊಂದು ಭಾಷೆಯನ್ನೂ ಕರಗತ ಮಾಡಿಕೊಂಡಿರಬೇಕಾಗಿತ್ತು; ಮಾದರಿಯ ಮರ್ಮವನ್ನು ಬಲ್ಲ ಬಹುಮಂದಿಗೆ ಇವೆರಡೂ ಅಪರಿಚಿತ.

ಪರಿಹಾರವು ಹಳೆಯದೊಂದು ವಿಚಾರಧಾರೆಯಿಂದ ಬಂದಿತು. ಬಳಕೆದಾರನು ಪರದೆಯ ಮೇಲೆ ನಿದರ್ಶನವೊಂದನ್ನು ಮಾಡಿ ತೋರಿಸಿದರೆ ಯಂತ್ರವು ಅದನ್ನೇ ಪ್ರೋಗ್ರಾಮಾಗಿ ಸ್ವೀಕರಿಸಬಲ್ಲುದೆಂಬುದನ್ನು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ 1975ರಷ್ಟು ಹಿಂದೆಯೇ ತಮ್ಮ ಪಿಗ್ಮೇಲಿಯನ್ ವ್ಯವಸ್ಥೆಯಲ್ಲಿ ತೋರಿಸಿಕೊಟ್ಟಿದ್ದರು. ಈ ತತ್ತ್ವವನ್ನು ಮಾದರಿಗಳಿಗೆ ಅನ್ವಯಿಸಿದ ಎರಡು ಪ್ರಬಂಧಗಳು 2009ರಲ್ಲಿ ಡೆನ್ವರ್‌ನಲ್ಲಿ ನೆರೆದ ಮಾಡೆಲ್ಸ್ ಸಮ್ಮೇಳನದಲ್ಲಿ ಒಟ್ಟಿಗೇ ಮಂಡಿತವಾದವು. ಅಲಬಾಮಾದ ಯೂ ಸುನ್ ಮತ್ತು ಸಂಗಡಿಗರು ಬಳಕೆದಾರನ ಒಂದೊಂದು ಕ್ರಿಯೆಯನ್ನೂ ದಾಖಲಿಸಿ ವ್ಯರ್ಥವಾದ ಹೆಜ್ಜೆಗಳನ್ನು ತೊಡೆದುಹಾಕಿದರು. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾನಿಲಯದವರು ತಿದ್ದುವ ಮೊದಲಿನ ಮಾದರಿಯನ್ನೂ ತಿದ್ದಿದ ಮೇಲಿನದನ್ನೂ ಹೋಲಿಸಿ ಅಂತರವನ್ನು ಗ್ರಹಿಸಿದರು. ಯಾವ ಸಂಪಾದಕ ಉಪಕರಣಕ್ಕೂ ಅಂಟಿಕೊಳ್ಳದಿರುವ ಈ ಎರಡನೆಯ ಮಾರ್ಗವೇ ನನಗೆ ಮೇಲಾಗಿ ಕಾಣುತ್ತದೆ.

ಆದರೆ ವಿಷಯದ ತಿರುಳಿರುವುದು ಮುಂದಿನ ಹಂತದಲ್ಲಿ. ದೂರವಾಣಿಯ ಸ್ಥಿತಿಚಿತ್ರವೊಂದರಲ್ಲಿ ಡಯಲು, ಕರೆಗಂಟೆ, ಸಂಭಾಷಣೆ ಎಂಬ ಮೂರು ಸ್ಥಿತಿಗಳಿಂದಲೂ, ರಿಸೀವರ್ ಕೆಳಗಿಟ್ಟೊಡನೆ ವಿರಾಮಸ್ಥಿತಿಗೆ ಸಾಗುವ ಬಾಣಗಳು ಹೊರಟಿದ್ದರೆ, ಮೂರನ್ನೂ ಒಂದು ಸಂಯುಕ್ತ ಸ್ಥಿತಿಯೊಳಗೆ ಸೇರಿಸಿ ಅದರಿಂದ ಹೊರಡುವ ಒಂದೇ ಬಾಣವನ್ನು ಉಳಿಸಬಹುದು. ಇದನ್ನು ಮಾಡಿ ತೋರಿಸಿದಾಗ ಯಂತ್ರವು ಏನನ್ನು ಕಲಿಯಬೇಕು? ಸ್ಥಿತಿಗಳು ಮೂರೇ ಇದ್ದದ್ದು ನಿಯಮವೋ, ಆಕಸ್ಮಿಕವೋ? ಒಂದು ನಿದರ್ಶನದಿಂದ ಯಂತ್ರವು ಇದನ್ನು ನಿರ್ಣಯಿಸಲಾರದು. ಆದಕಾರಣ ವಿಯೆನ್ನಾದವರ ವ್ಯವಸ್ಥೆ ನಿದರ್ಶನದಲ್ಲಿ ತನಗೆ ಕಂಡ ನಿಬಂಧನೆಗಳನ್ನೆಲ್ಲ ಬಳಕೆದಾರನ ಮುಂದಿಡುತ್ತದೆ. ಅವನು ಹೆಸರುಗಳ ನಿಬಂಧನೆಯನ್ನು ಸಡಿಲಿಸಿ, ಬಾಣಗಳ ಗುರಿ ಒಂದೇ ಆಗಿರಬೇಕೆಂಬುದನ್ನು ಬಿಗಿಯಾಗಿ ಉಳಿಸಿಕೊಂಡು, ಸ್ಥಿತಿಗಳನ್ನು ಒಳಸೇರಿಸುವ ಕ್ರಿಯೆ ಎಷ್ಟು ಬಾರಿಯಾದರೂ ನಡೆಯಬಹುದೆಂದು ಗುರುತಿಸುತ್ತಾನೆ. ಅಲ್ಲಿಗೆ ಒಂದು ಚಿತ್ರದಲ್ಲಿ ಮಾಡಿದ ತಿದ್ದುಪಡಿ ಬೇರೆ ಚಿತ್ರಗಳಿಗೂ ಸಲ್ಲುವ ಉಪಕರಣವಾಗುತ್ತದೆ.

ಸಾರವಾದುದು ಯಾವುದು, ಆನುಷಂಗಿಕವಾದುದು ಯಾವುದು ಎಂಬ ವಿವೇಚನೆಯನ್ನು ಮಾದರಿಯನ್ನು ಬಲ್ಲವನ ಕೈಗೇ ಮರಳಿಸಿದ್ದು ಈ ಪದ್ಧತಿಯ ಹಿರಿಮೆ. ತಿದ್ದಿದ ಮೇಲೂ ವರ್ತನೆ ಹಿಂದಿನಂತೆಯೇ ಉಳಿದಿದೆಯೆಂಬ ಪ್ರಮಾಣವನ್ನು ಮಾತ್ರ ಅದು ತಾನಾಗಿ ಒದಗಿಸದು. ಪರೀಕ್ಷಿಸಿ ನೋಡುವ ಹೊಣೆ ಮಾಡಿ ತೋರಿಸಿದವನ ಮೇಲೆಯೇ ಇದೆ.