ಡೋರ್ ಪ್ಯಾಡಿನ ಲೆಕ್ಕ: ಎರಡೂವರೆ ಮೀಟರ್ ರೆಗ್ಜಿನ್, ಎಂಬತ್ತು ರೂಪಾಯಿ ಪ್ಲಾಸ್ಟಿಕ್

ಪ್ರೀಮಿಯರ್ ಪದ್ಮಿನಿ ಕಾರಿನ ನಾಲ್ಕು ಬಾಗಿಲ ಒಳಬದಿಯ ಪ್ಯಾಡಿಗೂ ಮುಂದಿನ ಸೀಟಿನವರ ಕಾಲಿನ ಪಕ್ಕದ ಎರಡು ತುಂಡಿಗೂ ಹೊಸ ಹಲಗೆ, ಹೊಸ ರೆಗ್ಜಿನ್ ಹಾಕಿಸಿದರೆ ಒಟ್ಟು 5,650 ರೂಪಾಯಿ. ಅದರಲ್ಲಿ ಕೂಲಿ 2,800, ರೆಗ್ಜಿನ್ 1,000. ಹಲಗೆಯ ಹಿಂದೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆಗೆ 80. ಈ 80 ರೂಪಾಯಿ ಉಳಿಸಲು ಹೋದವರೇ ಮಿಕ್ಕ 5,570 ರೂಪಾಯಿಯನ್ನು ಎರಡನೇ ಸಲ ಖರ್ಚು ಮಾಡುವುದು.

ದರಗಳನ್ನು ಲೆಕ್ಕದ ಅನುಕೂಲಕ್ಕೆ ನಾನು ಹಿಡಿದುಕೊಂಡಿದ್ದೇನೆ. ಬೀಳಗಿಯಲ್ಲಿ ಒಂದು, ಜಮಖಂಡಿಯಲ್ಲಿ ಒಂದು ಇರಬಹುದು; ನಿಮ್ಮ ಪೇಟೆಯ ದರ ಹಾಕಿ ಗುಣಿಸಿಕೊಳ್ಳಿ. ಅಳತೆಗಳೂ ಹಾಗೆಯೇ, ಬಾಗಿಲಿನ ಓರೆಕೋರೆಯನ್ನು ಚೌಕಕ್ಕೆ ಹಿಗ್ಗಿಸಿ ಹಿಡಿದವು. ಟೇಪು ಹಿಡಿದು ನಿಮ್ಮ ಕಾರಿನದನ್ನೇ ಅಳೆಯಿರಿ. ದರ ಬದಲಾದರೂ ಯಾವುದಕ್ಕೆ ಎಷ್ಟು ಪಾಲು ಅನ್ನುವುದು ಅಷ್ಟಾಗಿ ಬದಲಾಗದು.

ಪದ್ಮಿನಿಯನ್ನೇ ಯಾಕೆ ತೆಗೆದುಕೊಂಡೆ ಅಂದರೆ, ಹಳ್ಳಿಯ ಗ್ಯಾರೇಜಿನಲ್ಲಿ ಇವತ್ತಿಗೂ ಬಿಚ್ಚಿ ಕೂಡಿಸಬಹುದಾದ ಹಳೆಯ ಕಾರು ಅದು. ಮುಂಬಯಿಯ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂದು ತಯಾರಾಯಿತು. 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪದ್ಮಿನಿ ಅನ್ನಿಸಿಕೊಂಡಿತು. ಎಂಜಿನ್ 1,089 ಸಿ.ಸಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಟ್ಯಾಕ್ಸಿಯೇ ಇಲ್ಲದ ಮೇಲೆ ಅದರ ಬಿಡಿಭಾಗ ಇಟ್ಟುಕೊಂಡು ಕೂರುವ ಅಂಗಡಿ ಕಡಿಮೆಯಾಗುತ್ತಲೇ ಹೋಗುತ್ತದೆ. ಹಾಗಾಗಿ ಬಾಡಗಂಡಿಯಂಥ ಊರಿನಲ್ಲಿ ಇಂಥ ಕಾರು ಇಟ್ಟುಕೊಂಡವರು ಸಿದ್ಧ ಪ್ಯಾಡಿಗಾಗಿ ಕಾಯುವುದಕ್ಕಿಂತ ಹತ್ತಿರದ ಸೀಟು ಹೊಲಿಯುವವರನ್ನು ನಂಬುವುದೇ ಲೇಸು.

ಮೊದಲು ರೆಗ್ಜಿನ್. ಅಂಗಡಿಯ ಸುರುಳಿ ಸಾಮಾನ್ಯವಾಗಿ 54 ಇಂಚು, ಅಂದರೆ 137 ಸೆಂ.ಮೀ. ಅಗಲ. ಮುಂದಿನ ಪ್ಯಾಡ್ 90 × 55 ಸೆಂ.ಮೀ., ಹಿಂದಿನದು ಚಕ್ರದ ಕಮಾನಿಗೆ ಜಾಗ ಬಿಟ್ಟು 75 × 55. ಸುತ್ತ 3 ಸೆಂ.ಮೀ. ಮಡಿಕೆ ಸೇರಿಸಿದರೆ 96 × 61 ಮತ್ತು 81 × 61. ಎತ್ತರವನ್ನು ಸುರುಳಿಯ ಅಗಲಕ್ಕೆ ಇಟ್ಟರೆ ಎರಡು ಪ್ಯಾಡ್ ಪಕ್ಕಪಕ್ಕ 122 ಸೆಂ.ಮೀ.ಯಲ್ಲಿ ಕೂಡುತ್ತವೆ. ಮುಂದಿನ ಜೋಡಿಗೆ 96, ಹಿಂದಿನ ಜೋಡಿಗೆ 81, ಕಾಲಿನ ಪಕ್ಕದ ತುಂಡುಗಳಿಗೆ 41: ಒಟ್ಟು ಉದ್ದ 218 ಸೆಂ.ಮೀ.

ಇಷ್ಟು ಕೇಳಿ ಎರಡೂಕಾಲು ಮೀಟರ್ ಕತ್ತರಿಸಿ ತರಬೇಡಿ. ರೆಗ್ಜಿನ್‌ಗೆ ಗೆರೆಯೋ ಚರ್ಮದಂಥ ಸುಕ್ಕೋ ಇದ್ದರೆ ಅದಕ್ಕೆ ಒಂದು ದಿಕ್ಕಿರುತ್ತದೆ. ಗೆರೆ ಬಾಗಿಲಲ್ಲಿ ನೆಟ್ಟಗೆ ನಿಲ್ಲಬೇಕಾದರೆ ಪ್ಯಾಡನ್ನು ಸುರುಳಿಯ ಮೇಲೆ ತಿರುಗಿಸಿ ಇಡಬೇಕು. ಆಗ ಅಗಲದಲ್ಲಿ ಒಂದೇ ಪ್ಯಾಡ್ ಹಿಡಿಯುತ್ತದೆ, ನಾಲ್ಕಕ್ಕೆ 61ರಂತೆ 244 ಸೆಂ.ಮೀ. ಬೇಕು. ಕಾಲಿನ ಪಕ್ಕದ ತುಂಡುಗಳು ಹಿಂದಿನ ಪ್ಯಾಡಿನ ಬದಿಯಲ್ಲಿ ಉಳಿಯುವ 56 ಸೆಂ.ಮೀ. ಪಟ್ಟಿಯಲ್ಲೇ ಹೊರಬೀಳುತ್ತವೆ. ಹೇಗಿಟ್ಟರೂ ಎರಡೂವರೆ ಮೀಟರ್ ಸಾಕು. ಯಾರಾದರೂ ನಾಲ್ಕು ಮೀಟರ್ ಬೇಕೆಂದರೆ ನೆಲದ ಮೇಲೆ ಹಾಸಿ ತೋರಿಸಲು ಹೇಳಿ.

ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಬೇಕು. ಪಿವಿಸಿ ಪದರದ ಕೆಳಗೆ ಬಟ್ಟೆಯಿರುತ್ತದೆ. ಅದು ನೇಯ್ದದ್ದೋ ಹೆಣೆದದ್ದೋ ಅನ್ನುವುದನ್ನು ರಬಕವಿ-ಬನಹಟ್ಟಿಯ ಮಗ್ಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಬೆರಳಲ್ಲಿ ಎಳೆದರೆ ತಿಳಿಯುತ್ತದೆ. ಹೆಣೆದದ್ದು ಹಿಗ್ಗುತ್ತದೆ, ಮೂಲೆಯಲ್ಲಿ ನೆರಿಗೆಯಿಲ್ಲದೆ ತಿರುಗುತ್ತದೆ. ನೇಯ್ದದ್ದು ಗಟ್ಟಿ, ಆದರೆ ಮೂಲೆಗೆ ಬಂದಾಗ ಹಟ ಮಾಡುತ್ತದೆ. ಡೋರ್ ಪ್ಯಾಡಿಗೆ ನನ್ನ ಓಟು ಹೆಣೆದದ್ದಕ್ಕೆ.

ಹಲಗೆ 3 ಮಿ.ಮೀ. ಹಾರ್ಡ್‌ಬೋರ್ಡ್. 8 × 4 ಅಡಿಯ ಒಂದು ಶೀಟಿನಲ್ಲಿ ಆರೂ ತುಂಡು ಬರುತ್ತವೆ; 2.98 ಚದರ ಮೀಟರಿನಲ್ಲಿ 2.1 ಬಳಕೆಯಾಗಿ ಮಿಕ್ಕದ್ದು ಚೂರು. ಅಂಟು ಮಾತ್ರ ರೆಗ್ಜಿನ್‌ಗೂ ಹಲಗೆಗೂ ಎರಡಕ್ಕೂ ಹಚ್ಚಬೇಕು. ಹಾಗಾಗಿ 2.1ಕ್ಕೆ ಅಲ್ಲ, 4.2 ಚದರ ಮೀಟರಿಗೆ ಲೆಕ್ಕ ಹಿಡಿದು 1 ಲೀಟರ್ ಡಬ್ಬಿ. ಕ್ಲಿಪ್ಪು 12 ಸೆಂ.ಮೀ.ಗೆ ಒಂದರಂತೆ ಮುಂದಿನ ಪ್ಯಾಡಿಗೆ 24, ಹಿಂದಿನದಕ್ಕೆ 22, ನಾಲ್ಕಕ್ಕೆ 92. ತೆಗೆಯುವಾಗ ಹಾಕುವಾಗ ನಾಲ್ಕಾರು ಮುರಿಯುತ್ತವೆ, ನೂರು ತನ್ನಿ.

ಇನ್ನು ಹಣ. ರೆಗ್ಜಿನ್ ಮೀಟರಿಗೆ 400ರಂತೆ 1,000. ಹಾರ್ಡ್‌ಬೋರ್ಡ್ 450, ತೆಳು ಫೋಮ್ 250, ಅಂಟು 450, ಕ್ಲಿಪ್ಪು ತಲಾ 5ರಂತೆ 500, ಸ್ಕ್ರೂ-ವಾಷರ್ 120, ಪ್ಲಾಸ್ಟಿಕ್ ಹಾಳೆ 80. ಸಾಮಾನು 2,850. ಕೂಲಿ ಬಾಗಿಲಿಗೆ 600ರಂತೆ 2,400, ಸಣ್ಣ ತುಂಡಿಗೆ 200ರಂತೆ 400. ಕೂಲಿಯ ಪಾಲು ಹತ್ತಿರ ಹತ್ತಿರ ಅರ್ಧ, ರೆಗ್ಜಿನ್ ಪಾಲು ಶೇ 18ಕ್ಕೆ ಚೂರು ಕಡಿಮೆ. ಮೀಟರಿಗೆ 800 ಕೊಟ್ಟು ಒಳ್ಳೆಯದನ್ನೇ ತಂದರೂ ಒಟ್ಟು 6,650ಕ್ಕೆ ನಿಲ್ಲುತ್ತದೆ. ಅಗ್ಗದ ರೆಗ್ಜಿನ್ ತಂದು ಅದರ ಮೇಲೆ 2,800 ಕೂಲಿ ಸುರಿಯುವುದು ಯಾವ ಉಳಿತಾಯವೋ!

ಕಾರನ್ನೇ ಹುಬ್ಬಳ್ಳಿಗೆ ಹೊಡೆದುಕೊಂಡು ಹೋಗಿ ಮಾಡಿಸುತ್ತೇನೆ ಅನ್ನುವವರಿಗೆ ಇನ್ನೊಂದು ಲೆಕ್ಕ. ಹೋಗಿಬರಲು 250 ಕಿ.ಮೀ. ಹಿಡಿದರೆ, ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ 21 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ 2,100 ಮೀರುತ್ತದೆ, ಅಂದರೆ ರೆಗ್ಜಿನ್ ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಬಾಗಿಲಿಂದ ಬಿಚ್ಚಿದ ಪ್ಯಾಡ್ ಕಂಕುಳಲ್ಲಿ ಹಿಡಿಯುವಷ್ಟೇ ದೊಡ್ಡದು. ಗಾಡಿ ಮನೆ ಮುಂದೆ ನಿಲ್ಲಲಿ, ಪ್ಯಾಡ್ ಬಸ್ಸಿನಲ್ಲಿ ಹೋಗಲಿ. ಜಮಖಂಡಿ, ಮುಧೋಳಗಳಲ್ಲಿ ಟ್ರ್ಯಾಕ್ಟರ್ ಸೀಟು, ಬೈಕ್ ಸೀಟು ಹೊಲಿಯುವ ಕೈಗೆ ಚಪ್ಪಟೆ ಹಲಗೆಗೆ ರೆಗ್ಜಿನ್ ಎಳೆಯುವುದು ಕಷ್ಟವಲ್ಲ. ಕಬ್ಬಿನ ಹಂಗಾಮಿನಲ್ಲಿ ಮಾತ್ರ ಕೊಡಬೇಡಿ, ನಿಂತ ಟ್ರ್ಯಾಕ್ಟರಿನ ಕೆಲಸವೇ ಮುಂದಾಗುತ್ತದೆ. ಏಪ್ರಿಲ್-ಮೇ ಮಧ್ಯಾಹ್ನದ ಬಿಸಿಲೂ ಬೇಡ. ಹಚ್ಚಿದ ಅಂಟು ರೆಗ್ಜಿನ್ ಕೂಡಿಸುವ ಮೊದಲೇ ಒಣಗಿ ಕೂರುತ್ತದೆ.

ಆ 80 ರೂಪಾಯಿಗೆ ಬರೋಣ. ಕಿಟಕಿ ಗಾಜು ಬಾಗಿಲೊಳಗೆ ಇಳಿಯುವ ಸಂದಿಯಿಂದ ಮಳೆನೀರೂ ಕಾರು ತೊಳೆದ ನೀರೂ ಒಳಗೆ ಹೋಗುವುದು ಸಹಜ. ಅದು ಬಾಗಿಲ ತಳದ ತೂತುಗಳಿಂದ ಹೊರಗೆ ಹರಿಯಬೇಕು. ತಗಡಿಗೂ ಪ್ಯಾಡಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದು ಆ ನೀರು ಹಲಗೆ ಮುಟ್ಟದಿರಲಿ ಎಂದು. ಹಾಳೆ ಹರಿದರೆ, ತೂತಿಗೆ ಮಣ್ಣು ಮೆತ್ತಿಕೊಂಡರೆ, ಹಾರ್ಡ್‌ಬೋರ್ಡ್ ಕೆಳಗಂಚಿನಿಂದ ನೀರು ಕುಡಿದು ಉಬ್ಬುತ್ತದೆ, ಕ್ಲಿಪ್ಪಿನ ತೂತು ಕಿತ್ತುಬರುತ್ತದೆ, ರೆಗ್ಜಿನ್ ಏಳುತ್ತದೆ. ನೋಡುವವರು ರೆಗ್ಜಿನ್ ಹಾಳಾಯಿತು ಅನ್ನುತ್ತಾರೆ. ಹಾಳಾದದ್ದು ಹಲಗೆ.

ಅದಕ್ಕೇ ಹಳೆಯ ರೆಗ್ಜಿನ್ ಮೆತ್ತಗಿದ್ದರೆ ಬಿಚ್ಚಿ ಉಳಿಸಿಕೊಳ್ಳಿ. ಆ ಕಾಲದ ಅನೇಕ ಪ್ಯಾಡುಗಳ ಗೆರೆ ಹೊಲಿದದ್ದಲ್ಲ, 27.12 ಮೆಗಾಹರ್ಟ್ಸ್ ರೇಡಿಯೋ ಅಲೆಯ ಯಂತ್ರದಲ್ಲಿ ಬಿಸಿಯಾಗಿಸಿ ಒತ್ತಿದ್ದು. ನಮ್ಮ ಕಡೆಯ ಹೊಲಿಗೆ ಯಂತ್ರದಲ್ಲಿ ಅದು ಬಾರದು. ಹೊಲಿದರೆ ಸಾಲು ಸಾಲು ಸೂಜಿತೂತು ಬಿದ್ದು ಆ ಗೆರೆಯ ರೂಪವೇ ಕೆಡುತ್ತದೆ. ಆದರೆ ಎಲ್ಲವೂ ಉಳಿಯುವಂಥದ್ದಲ್ಲ. ಪಿವಿಸಿಯನ್ನು ಮೆತ್ತಗೆ ಇಡುವ ಎಣ್ಣೆಯಂಥ ವಸ್ತು ಬಿಸಿಲಿಗೆ ಹೊರಬೀಳುತ್ತ ಹೋದಂತೆ ರೆಗ್ಜಿನ್ ಗಡುಸಾಗಿ ಕುಗ್ಗುತ್ತದೆ. 90 ಸೆಂ.ಮೀ.ಗೆ ಶೇ 2 ಕುಗ್ಗಿದರೆ 1.8 ಸೆಂ.ಮೀ., ಅಂದರೆ ಹಿಂದೆ ಮಡಿಚಿ ಅಂಟಿಸುವ ಅಂಚು ಅಷ್ಟು ಕಡಿಮೆಯಾಗುತ್ತದೆ. ಮಡಿಚಿದಾಗ ಬಿರುಕು ಬಿಟ್ಟರೆ ಆಸೆ ಬಿಡಿ. ಪೆಟ್ರೋಲು, ಥಿನ್ನರ್‌ನಲ್ಲಿ ಒರೆಸುವುದು ಆ ವಸ್ತುವನ್ನು ಕೈಯಾರೆ ತೆಗೆದ ಹಾಗೆ. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು.

ಪ್ಯಾಡ್ ಬದಲಿಸಿದರೆ ನೋಂದಣಿಗೆ ತೊಡಕಾದೀತೇ ಅನ್ನುವವರಿಗೆ ಒಂದು ಮಾತು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ: ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮೂಲ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು, ದಿನದ ಓಡಾಟಕ್ಕೂ ಬಳಸುವಂತಿಲ್ಲ. ಡೋರ್ ಪ್ಯಾಡ್ ಆ ಪಟ್ಟಿಯಲ್ಲಿಲ್ಲ, ನಿಶ್ಚಿಂತೆಯಿಂದ ಮಾಡಿಸಿ.

ಕೆಲಸ ಕೊಡುವ ದಿನ ಎರಡು ಮಾತು ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆಯ ಹಲಗೆ ವಾಪಸ್ ಬೇಕು, ಉಬ್ಬಿದ್ದರೂ ಹಿಡಿಕೆಯ ತೂತು, ಕ್ಲಿಪ್ಪಿನ ಜಾಗ ಅದರಲ್ಲೇ ಇವೆ. ಪ್ಲಾಸ್ಟಿಕ್ ಹಾಳೆಯನ್ನು ನೀವೇ ಕೊಂಡು, ಬಾಗಿಲ ತಳದ ತೂತು ತಂತಿಯಿಂದ ಬಿಡಿಸಿ, ಪ್ಯಾಡ್ ಕೂಡಿಸುವ ಮುನ್ನ ನಿಮ್ಮ ಕಣ್ಣೆದುರೇ ಹಚ್ಚಿಸಿ.