ಕಸೂತಿ ಹೊದಿಸಿದ ಹಳೆಯ ಕುರ್ಚಿಗಳು

ಹಳೆಯ ಕುರ್ಚಿಯೊಂದು ಕಣ್ಣಿಗೆ ಬಿದ್ದರೆ ನಾವು ಮೊದಲು ನೋಡುವುದು ಅದರ ಮರವನ್ನು. ಬೀಟೆಯೋ ತೇಗವೋ, ಕಾಲಿನ ಕೆತ್ತನೆ ಹೇಗಿದೆ, ಕೀಲು ಗಟ್ಟಿಯಾಗಿದೆಯೇ ಎಂದು ವಿಚಾರಿಸುತ್ತೇವೆ. ಪೀಠದ ಬಟ್ಟೆ ಮಾಸಿದ್ದರೆ, ಹರಿದಿದ್ದರೆ, ‘ಅದಕ್ಕೇನು, ಹೊಸದು ಹಾಕಿಸಿದರಾಯಿತು’ ಎಂದುಬಿಡುತ್ತೇವೆ. ನಮ್ಮ ನಿತ್ಯದ ಸೋಫಾಕ್ಕೆ ಈ ಮಾತು ಸಲ್ಲಬಹುದು. ಆದರೆ ಎಲ್ಲ ಕುರ್ಚಿಗಳಿಗೂ ಸಲ್ಲದು. ಸೂಜಿ ಹಿಡಿದು ಉಣ್ಣೆಯ ಎಳೆಗಳಿಂದ ಹೂವು, ಹಕ್ಕಿ, ಬಳ್ಳಿಗಳನ್ನು ತುಂಬಿದ ಹೊದಿಕೆಯ ಕುರ್ಚಿಗಳುಂಟು. ಅವುಗಳ ಚರಿತ್ರೆಯನ್ನು ಮರ ಅರ್ಧ ಹೇಳಿದರೆ ಉಳಿದರ್ಧವನ್ನು ಹೇಳುವುದು ಆ ಬಟ್ಟೆ. ಅದನ್ನು ಕಿತ್ತೆಸೆದರೆ ಆ ಅರ್ಧ ಮತ್ತೆ ದೊರೆಯುವುದಿಲ್ಲ.

ಇಂಥ ಕುರ್ಚಿಗಳು ಹೆಚ್ಚಾಗಿ ಕಾಣುವುದು ಯೂರೋಪಿನಲ್ಲಿ, ಅದರಲ್ಲಿಯೂ ಇಂಗ್ಲೆಂಡಿನಲ್ಲಿ. ಮಕ್ಕಳು ಮೊಮ್ಮಕ್ಕಳನ್ನು ನೋಡಲೆಂದು ಆ ದೇಶಕ್ಕೆ ಹೋಗಿಬರುವ ಹಿರಿಯರು ಇಂದು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲೋ ಹರಾಜಿನಲ್ಲೋ ಇಂಥದೊಂದು ಕುರ್ಚಿ ನಿಮ್ಮೆದುರು ನಿಂತರೆ ಅದನ್ನು ಓದುವುದು ಹೇಗೆ? ಮನೆಗೆ ತಂದರೆ ಕಾಪಾಡುವುದು ಹೇಗೆ?

ಈ ಕೆಲಸಕ್ಕೆ ಅಲ್ಲಿ ನೀಡಲ್‌ಪಾಯಿಂಟ್ ಎಂದು ಹೆಸರು. ಅನೇಕರು ಇದನ್ನು ಟ್ಯಾಪೆಸ್ಟ್ರಿ ಎಂದು ಕರೆಯುವುದುಂಟು. ಆದರೆ ಎರಡೂ ಒಂದಲ್ಲ. ಟ್ಯಾಪೆಸ್ಟ್ರಿಯಲ್ಲಿ ಬಟ್ಟೆಯೂ ಚಿತ್ರವೂ ಮಗ್ಗದ ಮೇಲೆ ಒಟ್ಟಿಗೆ ಹುಟ್ಟುತ್ತವೆ. ನೀಡಲ್‌ಪಾಯಿಂಟಿನಲ್ಲಿ ಕ್ಯಾನ್ವಾಸ್ ಎಂಬ ಜಾಲರಿಯಂಥ ಗಟ್ಟಿ ಬಟ್ಟೆ ಮೊದಲೇ ಸಿದ್ಧವಾಗಿರುತ್ತದೆ. ಅದರ ಕಣ್ಣುಗಳನ್ನು ಎಣಿಸಿ ಒಂದೊಂದಾಗಿ ಹೊಲಿಗೆ ಹಾಕುತ್ತಾರೆ. ಧಾರವಾಡದ ಕಸೂತಿ ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಎಳೆ ಎಣಿಸದೆ ಸೂಜಿ ಚುಚ್ಚುವಂತಿಲ್ಲ. ಕಸೂತಿಯ ಮೆಂತೆ ಹೊಲಿಗೆಯಂತೆಯೇ ಇಲ್ಲಿಯೂ ಎಳೆಯ ಮೇಲೆ ಎಳೆ ಅಡ್ಡಹಾಯುವ ಹೊಲಿಗೆಯೊಂದುಂಟು. ವ್ಯತ್ಯಾಸವೆಂದರೆ, ಕಸೂತಿಯಲ್ಲಿ ಸೀರೆಯ ನೆಲಬಣ್ಣ ಕಾಣುತ್ತಿರಬೇಕು. ನೀಡಲ್‌ಪಾಯಿಂಟಿನಲ್ಲಿ ಕ್ಯಾನ್ವಾಸಿನ ಒಂದೆಳೆಯೂ ಕಾಣದಂತೆ ಉಣ್ಣೆ ಮುಚ್ಚಿಬಿಡಬೇಕು.

ಹೀಗೆ ಮುಚ್ಚುವ ಮುಖ್ಯವಾದ ಹೊಲಿಗೆ ಟೆಂಟ್ ಹೊಲಿಗೆ. ಮುಂಭಾಗದಲ್ಲಿ ಅದು ಒಂದು ಸಣ್ಣ ಓರೆಗೆರೆ. ಅದನ್ನೇ ಹೋಲುವ ಇನ್ನೊಂದು ಹೊಲಿಗೆಯೂ ಇದೆ. ಅದಕ್ಕೆ ಉಣ್ಣೆ ಕಡಿಮೆ ಸಾಕು. ಮುಂದಿನಿಂದ ನೋಡಿದರೆ ಎರಡಕ್ಕೂ ಭೇದ ತಿಳಿಯದು. ಹಿಂದೆ ತಿರುಗಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಮಿತವ್ಯಯದ ಹೊಲಿಗೆಯ ಬೆನ್ನಿನಲ್ಲಿ ಬರಿಯ ಗಿಡ್ಡ ನೇರ ಗೆರೆಗಳಿರುತ್ತವೆ. ಟೆಂಟ್ ಹೊಲಿಗೆಯ ಬೆನ್ನಿನಲ್ಲಿ ಉದ್ದವಾದ ಓರೆ ಎಳೆಗಳು ದಟ್ಟವಾಗಿ ಹರಡಿ ಇನ್ನೊಂದು ಉಣ್ಣೆಯ ಪದರವೇ ಆಗಿರುತ್ತದೆ. ಕುಳಿತೆದ್ದು ಸವೆಯುವ ಪೀಠಕ್ಕೆ ಆ ಪದರವೇ ಆಧಾರ.

ಇದರ ಹಿಂದಿನ ಶ್ರಮವನ್ನು ಲೆಕ್ಕ ಹಾಕಿ ನೋಡಿ. ಅಂಗುಲಕ್ಕೆ 10 ಕಣ್ಣುಗಳ ಕ್ಯಾನ್ವಾಸಾದರೆ ಚದರ ಅಂಗುಲಕ್ಕೆ 100 ಹೊಲಿಗೆ. ಪೀಠ 20 ಅಂಗುಲ ಅಗಲ, 18 ಅಂಗುಲ ಆಳವಿದ್ದರೆ ಒಟ್ಟು 36,000 ಹೊಲಿಗೆಗಳು. ನಿಮಿಷಕ್ಕೆ 10ರಂತೆ ಎಡೆಬಿಡದೆ ಹಾಕಿದರೂ 60 ಗಂಟೆ ಬೇಕು. ಒಂದೇ ಪೀಠಕ್ಕೆ ಇಷ್ಟಾದರೆ, ಊಟದ ಮೇಜಿನ ಸುತ್ತಲಿನ ಆರು ಕುರ್ಚಿಗಳಿಗೆ ಎಷ್ಟು ಸಂಜೆಗಳು ಕಳೆದಿರಬೇಕು!

ಆ ಸಂಜೆಗಳನ್ನು ಕಳೆದವರು ಬಹುಮಟ್ಟಿಗೆ ಮನೆಯ ಹೆಂಗಸರು. 1689ರಿಂದ 1694ರವರೆಗೆ ಇಂಗ್ಲೆಂಡನ್ನು ಆಳಿದ ಎರಡನೆಯ ಮೇರಿ ರಾಣಿಗೆ ಸೂಜಿಯ ಕೆಲಸದಲ್ಲಿ ತುಂಬ ಆಸಕ್ತಿ. ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಣಿಯೂ ಆಕೆಯ ಸಖಿಯರೂ ಕಸೂತಿ ಹಾಕಿದ ಕುರ್ಚಿಗಳನ್ನು ಕಂಡುದಾಗಿ ಸೀಲಿಯಾ ಫೀನ್ಸ್ ಎಂಬ ಪ್ರವಾಸಿ ಮಹಿಳೆ ಬರೆದಿಟ್ಟಿದ್ದಾಳೆ. 18ನೆಯ ಶತಮಾನದಲ್ಲಿ ಪೀಠವನ್ನು ಚೌಕಟ್ಟಿನಿಂದ ಎತ್ತಿ ತೆಗೆಯಬಹುದಾದ ಕುರ್ಚಿಗಳು ಬಳಕೆಗೆ ಬಂದವು. ಮನೆಯಲ್ಲಿ ಹಾಕಿದ ಕಸೂತಿಯನ್ನು ಹೊದಿಸಲು ಅವು ಬಹಳ ಅನುಕೂಲವಾದವು.

19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಹೊಸದೊಂದು ವ್ಯಾಪಾರ ಹುಟ್ಟಿತು. ಚೌಕಳಿ ಕಾಗದದ ಮೇಲೆ ನಮೂನೆ ಅಚ್ಚುಹಾಕಿ, ಒಂದೊಂದು ಚೌಕಕ್ಕೂ ಕೈಯಿಂದ ಬಣ್ಣ ತುಂಬಿ ಮಾರತೊಡಗಿದರು. ಒಂದು ಚೌಕಕ್ಕೆ ಒಂದು ಹೊಲಿಗೆ. ಎಣಿಸಲು ಬಂದರೆ ಸಾಕು, ಚಿತ್ರ ಬರೆಯಲು ಬರಬೇಕಾಗಿಲ್ಲ. ಮೃದುವಾದ ಮೆರಿನೊ ಉಣ್ಣೆಯೂ ಅದರೊಡನೆ ಬಂದಿತು. 1830ರ ನಂತರ ಈ ಹುಚ್ಚು ಇಂಗ್ಲೆಂಡಿನ ಮನೆಮನೆಯನ್ನೂ ಹೊಕ್ಕಿತು. ಗುಲಾಬಿ ಗೊಂಚಲು, ಗಿಳಿ, ಮುದ್ದಿನ ನಾಯಿ ಎಲ್ಲವೂ ಪೀಠದ ಮೇಲೆ ಬಂದವು. ಪ್ರಾರ್ಥನೆಗೆಂದು ತಗ್ಗಾದ ಪೀಠ, ಎತ್ತರದ ಬೆನ್ನು ಇರಿಸಿ ಮಾಡಿದ ಪ್ರೀ-ದ್ಯೂ ಎಂಬ ಕುರ್ಚಿಯ ಚಪ್ಪಟೆ ಬೆನ್ನಂತೂ ಇದಕ್ಕೆಂದೇ ಹೇಳಿ ಮಾಡಿಸಿದಂತಿತ್ತು. ಬರಿದೆ ಎಣಿಸಿ ಹಾಕುವ ಈ ಕೆಲಸದಲ್ಲಿ ಕಲೆಯೆಲ್ಲಿದೆ ಎಂದು ಆಕ್ಷೇಪಿಸಿದವರೂ ಇದ್ದರು. ಸೂಜಿಯ ಕೆಲಸಕ್ಕೆ ಮತ್ತೆ ಕಲೆಯ ಗೌರವ ತರಲೆಂದು 1872ರಲ್ಲಿ ಲಂಡನ್ನಿನಲ್ಲಿ ಒಂದು ಕಸೂತಿ ಶಾಲೆಯೇ ಆರಂಭವಾಯಿತು.

ಈಗ ಕುರ್ಚಿಯನ್ನು ಓದೋಣ. ಮೊದಲು ಬಣ್ಣ. 1856ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ತರುಣ ಕ್ವಿನೈನ್ ತಯಾರಿಸಲು ಹೊರಟು, ಕಲ್ಲಿದ್ದಲ ಟಾರಿನ ಅಂಶದಿಂದ ನೇರಳೆ ಬಣ್ಣವೊಂದನ್ನು ಕಂಡುಹಿಡಿದ. ಅದರ ಬೆನ್ನಿಗೇ ಮಜೆಂಟಾ ಮೊದಲಾದ ಕೃತಕ ಬಣ್ಣಗಳು ಬಂದವು. ಕಸೂತಿಯಲ್ಲಿ ಕಣ್ಣು ಕುಕ್ಕುವಂಥ ಈ ಬಣ್ಣಗಳಿದ್ದರೆ ಅದು 1856ಕ್ಕಿಂತ ಈಚಿನದೆಂದು ತಿಳಿಯಬಹುದು. ಆದರೆ ಮುಂಭಾಗವನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಬೆಳಕು ಬಣ್ಣವನ್ನು ಕುಡಿದುಬಿಟ್ಟಿರುತ್ತದೆ. ನಿಜವಾದ ಬಣ್ಣ ಉಳಿದಿರುವುದು ಬೆನ್ನಿನ ಕಡೆ.

ಎರಡನೆಯದು ಮೊಳೆ. ಪೀಠದ ಮರದಂಚಿನಲ್ಲಿ ಹಳೆಯ ಮೊಳೆಗಳ ರಂಧ್ರಗಳು ಹಲವು ಸಾಲು ಇದ್ದು, ಈಗಿನ ಹೊದಿಕೆ ಒಂದೇ ಸಾಲಿನಲ್ಲಿ ನಿಂತಿದ್ದರೆ, ಕುರ್ಚಿ ಹಿಂದೆಯೂ ಬಟ್ಟೆ ಬದಲಿಸಿದೆ ಎಂದರ್ಥ. ಮೂರನೆಯದು ಹೊಟ್ಟೆ. ನವಾರಿನ ಮೇಲೆ ಗೋಣಿಬಟ್ಟೆ, ಅದರ ಮೇಲೆ ಕುದುರೆಯ ಕೂದಲು, ಅದರ ಮೇಲೆ ಹೊದಿಕೆ: ಇದು ಹಳೆಯ ಕ್ರಮ. ಸುರುಳಿ ಸ್ಪ್ರಿಂಗುಗಳು ಕುರ್ಚಿಗಳಲ್ಲಿ ಸಾಮಾನ್ಯವಾದುದು 19ನೆಯ ಶತಮಾನದ ನಡುಭಾಗದಲ್ಲಿ. 18ನೆಯ ಶತಮಾನದ್ದೆಂದು ಮಾರುವ ಕುರ್ಚಿಯೊಳಗೆ ಸ್ಪ್ರಿಂಗುಗಳಿದ್ದರೆ, ಅದರ ಮೆತ್ತೆಯನ್ನಾದರೂ ಮುಂದೆ ಯಾರೋ ಬದಲಿಸಿದ್ದಾರೆ.

ಇನ್ನು ಕಾಪಾಡುವ ವಿಷಯ. ಹಳೆಯ ಕಸೂತಿಯಲ್ಲಿ ಕಪ್ಪು ಮತ್ತು ಕಡುಕಂದು ಎಳೆಗಳು ಮೊದಲು ಉದುರಿ, ಹೂವಿನ ಅಂಚುಗೆರೆ ಮಾಯವಾಗಿರುವುದನ್ನು ನೋಡುವಿರಿ. ಇದು ಕುಳಿತವರ ತಪ್ಪಲ್ಲ. ಆ ಬಣ್ಣಗಳು ಕಚ್ಚಿಕೊಳ್ಳಲೆಂದು ಬಳಸುತ್ತಿದ್ದ ಕಬ್ಬಿಣದ ಲವಣ ಕಾಲಕ್ರಮದಲ್ಲಿ ಉಣ್ಣೆಯನ್ನೇ ತಿಂದುಹಾಕುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಿಸಿಲನ್ನೂ ನುಸಿಯನ್ನೂ ತಡೆಯುವುದು ನಮ್ಮ ಕೈಯಲ್ಲಿದೆ. ಕುರ್ಚಿಯನ್ನು ಕಿಟಕಿಯ ಬಳಿ ಇಡಬೇಡಿ. ನುಸಿಯ ಮರಿಹುಳುಗಳಿಗೆ ಉಣ್ಣೆಯೂ ಕುದುರೆಯ ಕೂದಲೂ ಆಹಾರ. ಕತ್ತಲೆಯ ಮೂಲೆಯಲ್ಲಿ ಅಲುಗಿಸದೆ ಬಿಟ್ಟರೆ ಅವುಗಳಿಗೆ ಹಬ್ಬ. ತಿಂಗಳಿಗೊಮ್ಮೆ ತಿರುಗಿಸಿ ಅಡಿಭಾಗ ನೋಡಿ. ಧೂಳು ತೆಗೆಯುವಾಗ ತೆಳುವಾದ ಬಲೆಬಟ್ಟೆ ಹಾಸಿ, ಅದರ ಮೇಲಿನಿಂದ ಯಂತ್ರವನ್ನು ಮೆಲ್ಲನೆ ಆಡಿಸಿ. ನೀರು ಮಾತ್ರ ಹಾಕಬೇಡಿ: ಬಣ್ಣ ಹರಿಯುತ್ತದೆ, ಕ್ಯಾನ್ವಾಸ್ ಕುಗ್ಗುತ್ತದೆ.

ಕುಳಿತರೆ ಹರಿಯುವಷ್ಟು ಹೊದಿಕೆ ಸೊರಗಿದ್ದರೆ? ಆಗ ತೆಗೆಯಲೇಬೇಕು. ಆದರೆ ಕತ್ತರಿ ಹಾಕದೆ ಒಂದೊಂದೇ ಮೊಳೆ ಬಿಡಿಸಿ ತೆಗೆಯಿರಿ. ಕಸೂತಿಯ ಮುಖ ಹೊರಗಿರುವಂತೆ ಕೊಳವೆಗೆ ಸುತ್ತಿ, ಮಡಿಸದೆ ಜೋಪಾನವಾಗಿಡಿ. ಕುರ್ಚಿಗೆ ಹೊಸ ಬಟ್ಟೆ ಧಾರಾಳವಾಗಿ ಹಾಕಿಸಿ. ಕುರ್ಚಿಯ ಬಡಗಿಯ ಗುರುತು ಕೀಲಿನಲ್ಲೋ ಕೆತ್ತನೆಯಲ್ಲೋ ಎಲ್ಲಾದರೂ ಉಳಿದಿರುತ್ತದೆ. ದೀಪದ ಬೆಳಕಿನಲ್ಲಿ 36,000 ಸಲ ಸೂಜಿ ಎತ್ತಿದ ಹೆಂಗಸು ತನ್ನ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಆಕೆಯ ಸಹಿಯೆಲ್ಲ ಆ ಬಟ್ಟೆಯಲ್ಲೇ ಇದೆ.